ವಿಮ್‌ನಲ್ಲಿ ಬಾಣದ ಕೀ ಒತ್ತಿದರೆ ಎ, ಬಿ, ಸಿ, ಡಿ: ಸರಿಪಡಿಸಿದ ಬಗೆ

ಮಡಿಕೇರಿಯ ಕಾಫಿ ಗೋದಾಮಿನ ಉಬುಂಟು ಸರ್ವರ್. ಅದರಲ್ಲಿ ಕಡತ ತಿದ್ದುವ ವಿಮ್ ಎಡಿಟರ್‌ನ ಇನ್ಸರ್ಟ್ ಮೋಡ್‌ನಲ್ಲಿ (ಪಠ್ಯ ಟೈಪ್ ಮಾಡುವ ಸ್ಥಿತಿ) ಮೇಲಿನ ಬಾಣ ಒತ್ತಿದರೆ ‘ಎ’ ಬೀಳುತ್ತಿತ್ತು. ಹುಡುಕಲು ಸ್ಲ್ಯಾಶ್ ಒತ್ತಿ, ಮೇಲಿನ ಬಾಣ ಒತ್ತಿದರೆ ಹಳೆಯ ಹುಡುಕಾಟಗಳೂ ಬರುತ್ತಿರಲಿಲ್ಲ. ಕಾರಣ ವಿಮ್-ಟೈನಿ, ಅಂದರೆ ವಿಮ್‌ನ ಚಿಕ್ಕ ಆವೃತ್ತಿ: ಅದು ಕಂಪ್ಯಾಟಿಬಲ್ ಮೋಡ್‌ನಲ್ಲೇ (ಹಳೆಯ ವಿಐ ಎಡಿಟರ್‌ನಂತೆ ನಡೆಯುವ ಸ್ಥಿತಿ) ಶುರುವಾಗುತ್ತದೆ. ‘ಸೆಟ್ ನೋಕಂಪ್ಯಾಟಿಬಲ್’ ಕೊಟ್ಟರೆ ಬಾಣ ಸರಿಹೋಗುತ್ತದೆ, ಆದರೆ ಹಿಸ್ಟರಿಗೂ (ಹಳೆಯ ಹುಡುಕಾಟಗಳ ಪಟ್ಟಿ) ಸೇರಿಸಿ ಪೂರ್ಣ ವಿಮ್ ಪ್ಯಾಕೇಜನ್ನೇ ಹಾಕುವುದು ಒಳ್ಳೆಯದು.

ಮಳೆಗಾಲದಲ್ಲಿ ತೋಟದಿಂದ ಎಸ್‌ಎಸ್‌ಎಚ್ ಮಾಡಿದಾಗ (ನೆಟ್ ಮೂಲಕ ಸರ್ವರ್‌ಗೆ ಲಾಗಿನ್ ಆದಾಗ) ಮಾತ್ರ ತೊಂದರೆ ಮತ್ತೆ ಬಂದರೆ, ಅದು ಬೇರೆ. ಬಾಣದ ಕೀ ಎಸ್ಕೇಪ್, ‘ಓ’, ‘ಎ’ ಎಂದು ಮೂರು ಸಂಕೇತ ಕಳಿಸುತ್ತದೆ. ನೆಟ್ ನಿಧಾನವಾಗಿ ಎಸ್ಕೇಪ್ ಒಂದೇ ಮೊದಲು ತಲುಪಿದರೆ, ವಿಮ್ ಇನ್ಸರ್ಟ್ ಮೋಡ್ ಬಿಟ್ಟು, ‘ಓ’ಗೆ ಮೇಲೊಂದು ಸಾಲು ತೆರೆದು, ‘ಎ’ ಬರೆಯುತ್ತದೆ. ಉಳಿದ ಸಂಕೇತಗಳಿಗೆ ವಿಮ್ ಕಾಯುವ ಸಮಯವಾದ ‘ಟಿಟೈಮ್‌ಔಟ್‌ಲೆನ್’ ಅನ್ನು 100ರಿಂದ 500 ಮಿಲಿಸೆಕೆಂಡಿಗೆ ಏರಿಸಿ.

ಹಿಸ್ಟರಿ ಉಳಿಯದಿದ್ದರೆ ಹೋಮ್ ಫೋಲ್ಡರ್‌ನಲ್ಲಿನ, ಹಿಸ್ಟರಿ ಉಳಿಸುವ ವಿಮ್‌ಇನ್ಫೋ ಕಡತದ ಒಡೆತನ ನೋಡಿ. ಸೂಡೋದಿಂದ (ನಿರ್ವಾಹಕ ಅಧಿಕಾರದಲ್ಲಿ ಆದೇಶ ನಡೆಸುವುದು) ವಿಮ್ ತೆರೆದ ಕಾರಣ ಅದು ನಿರ್ವಾಹಕ ಖಾತೆಯಾದ ರೂಟ್ ಹೆಸರಲ್ಲಿದ್ದರೆ, ಚೌನ್ ಆದೇಶದಿಂದ ಒಡೆತನ ನಿಮ್ಮ ಹೆಸರಿಗೆ ಬದಲಿಸಿ.