ಸಂಗೀತದ ಊರಿನಲ್ಲಿ ನಾವಿಬ್ಬರು: ನ್ಯಾಶ್‌ವಿಲ್‌ನ ಒಂದು ಸಂಜೆ

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ಗೆ ಹೊರಡುವ ಮೊದಲೇ ನಾನೂ ನಮ್ಮವರೂ ಒಂದು ತೀರ್ಮಾನಕ್ಕೆ ಬಂದಿದ್ದೆವು. ಕೈಯಲ್ಲಿರುವುದು ಒಂದೇ ಸಂಜೆಯಾದ್ದರಿಂದ, ಕುಳಿತು ಮನಸ್ಸಿಟ್ಟು ಕೇಳುವಂತಹ ಒಂದು ಕಛೇರಿಯನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ಸುತ್ತಾಟವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು ಎಂಬುದೇ ಆ ತೀರ್ಮಾನ. ವಿರಾಜಪೇಟೆಯ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಕೊಯ್ಲು ಮುಗಿದು, ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬಿದ್ದು, ಮುಂಗಾರು ಹಿಡಿಯುವುದಕ್ಕೆ ಮುಂಚೆ ಸಿಗುವ ಬಿಡುವು ಮೇ ತಿಂಗಳದು. ಆ ಬಿಡುವಿನಲ್ಲಿ ಅಟ್ಲಾಂಟಾದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅಲ್ಲಿಂದ ನ್ಯಾಶ್‌ವಿಲ್ ಸುಮಾರು 400 ಕಿಲೋಮೀಟರ್. ನಮ್ಮವರು ಸೈನ್ಯದಲ್ಲಿದ್ದಾಗ ಮೌತ್ ಆರ್ಗನ್ ನುಡಿಸಲು ಕಲಿತವರು. ಆ ಊರಿನ ಹೆಸರನ್ನು ಮೂವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು.

ನಾವು ಆರಿಸಿಕೊಂಡ ಕಛೇರಿ ಬ್ಲೂಬರ್ಡ್ ಕೆಫೆಯದು. 1982ರಲ್ಲಿ ಆರಂಭವಾದ, ಸುಮಾರು ತೊಂಬತ್ತು ಜನ ಮಾತ್ರ ಹಿಡಿಸುವ ಪುಟ್ಟ ಜಾಗವದು. ಇಲ್ಲಿಯ ಟಿಕೆಟ್‌ಗಳು ಕೆಲವು ದಿನ ಮುಂಚೆಯಷ್ಟೇ ಆನ್‌ಲೈನಿನಲ್ಲಿ ಬಿಡುಗಡೆಯಾಗಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಮಗ ಒಂದು ಫೋನಿನಲ್ಲಿ, ನಾನೊಂದರಲ್ಲಿ ಕಾದು ಕುಳಿತಿದ್ದು, ಬುಧವಾರ ರಾತ್ರಿ ಒಂಬತ್ತರ ಪ್ರದರ್ಶನಕ್ಕೆ ಎರಡು ಜಾಗ ಸಿಕ್ಕಿದ ಮೇಲೆಯೇ ಹೋಟೆಲಿನ ಕೋಣೆಯನ್ನು ಕಾಯ್ದಿರಿಸಿದೆವು. ಈ ಕ್ರಮವನ್ನು ತಿರುಗುಮುರುಗು ಮಾಡಬಾರದೆಂದು ನನ್ನ ಅಭಿಪ್ರಾಯ.

ದಾರಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಟ್ಲಾಂಟಾದ ಗಡಿಯಾರಕ್ಕೂ ನ್ಯಾಶ್‌ವಿಲ್‌ನ ಗಡಿಯಾರಕ್ಕೂ ಒಂದು ಗಂಟೆಯ ಅಂತರ. ಚಟನೂಗ ದಾಟಿ ಪಶ್ಚಿಮಕ್ಕೆ ಸಾಗಿದಂತೆ ಸಮಯವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಹೋಗುವಾಗ ಒಂದು ಗಂಟೆ ಸಿಗುತ್ತದೆ, ಮರಳುವಾಗ ಅದನ್ನೇ ಕಳೆದುಕೊಳ್ಳಬೇಕಾಗುತ್ತದೆ. ಸಿಕ್ಕಿದ ಆ ಗಂಟೆಯನ್ನು ನಾವು ರೈಮನ್ ಸಭಾಂಗಣಕ್ಕೆ ಕೊಟ್ಟೆವು.

ರೈಮನ್ ಮೊದಲಿಗೆ ಪ್ರಾರ್ಥನಾ ಮಂದಿರ. ಉಗಿದೋಣಿಗಳ ಒಡೆಯನಾಗಿದ್ದ ಥಾಮಸ್ ರೈಮನ್ ಎಂಬಾತ ಒಬ್ಬ ಧರ್ಮಬೋಧಕನ ಮಾತಿಗೆ ಮನಸೋತು ಕಟ್ಟಿಸಿದ ಈ ಕಟ್ಟಡ 1892ರಲ್ಲಿ ಪೂರ್ಣವಾಯಿತು. 1943ರಿಂದ 1974ರವರೆಗೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮ ಇಲ್ಲಿಂದಲೇ ಪ್ರಸಾರವಾಗುತ್ತಿತ್ತು. ಇಂದಿಗೂ ಕುರ್ಚಿಗಳಿಲ್ಲ, ಬಾಗಿದ ಉದ್ದನೆಯ ಮರದ ಬೆಂಚುಗಳೇ ಇವೆ. ವೇದಿಕೆಯ ಮೇಲೆ ಯಾರೂ ಇಲ್ಲದ ಆ ಮಧ್ಯಾಹ್ನ ನಾವು ಮಹಡಿಯ ಬೆಂಚಿನಲ್ಲಿ ಕುಳಿತಿದ್ದೆವು. ಕೆಳಗೆ ಒಬ್ಬ ಕೆಲಸಗಾರ ತಂತಿಯ ಸುರುಳಿಯನ್ನು ನೆಲಕ್ಕೆ ಇಟ್ಟ ಸದ್ದು ನಮ್ಮ ಪಕ್ಕದಲ್ಲೇ ಇಟ್ಟಂತೆ ಸ್ಪಷ್ಟವಾಗಿ ಕೇಳಿಸಿತು.

ಆ ಬೆಂಚಿನಲ್ಲಿ ನಮ್ಮವರು ಹೇಳಿದ್ದು ಡಿಫೋರ್ಡ್ ಬೇಯ್ಲಿಯ ಕಥೆಯನ್ನು. 1925ರಲ್ಲಿ ಆರಂಭವಾದ ಆ ರೇಡಿಯೋ ಕಾರ್ಯಕ್ರಮಕ್ಕೆ ‘ಆಪ್ರಿ’ ಎಂಬ ಹೆಸರು ಬಂದದ್ದು 1927ರ ಒಂದು ರಾತ್ರಿ. ಅದಕ್ಕೆ ಮುಂಚೆ ಶಾಸ್ತ್ರೀಯ ಸಂಗೀತದ ಪ್ರಸಾರವೊಂದು ಮುಗಿದಿತ್ತು. ಬಳಿಕ ಬೇಯ್ಲಿ ಮೌತ್ ಆರ್ಗನ್ನಿನಲ್ಲಿ ಓಡುವ ರೈಲಿನ ಸದ್ದನ್ನು ನುಡಿಸಿದ. ಇಷ್ಟು ಹೊತ್ತು ಕೇಳಿದ್ದು ‘ಗ್ರ್ಯಾಂಡ್ ಆಪೆರಾ’, ಇನ್ನು ಕೇಳುವುದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ನಿರೂಪಕ ಹೇಳಿದ್ದೇ ಹೆಸರಾಗಿ ನಿಂತಿತು. ಆ ಹೆಸರಿಗೆ ಕಾರಣನಾದ ಕರಿಯ ಕಲಾವಿದನನ್ನು 1941ರಲ್ಲಿ ಕಾರ್ಯಕ್ರಮದಿಂದ ಕೈಬಿಟ್ಟರು. ಅವನು ಶೂ ಪಾಲಿಶ್ ಅಂಗಡಿ ನಡೆಸಿ ಬದುಕಿದ. ಕಂಟ್ರಿ ಸಂಗೀತದ ಗೌರವಪಟ್ಟಿಗೆ ಅವನ ಹೆಸರು ಸೇರಿದ್ದು 2005ರಲ್ಲಿ, ಅವನು ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಇದನ್ನು ಹೇಳುವಾಗ ನಮ್ಮವರ ಧ್ವನಿ ತಗ್ಗಿತ್ತು. ನನಗೂ ಆ ಅನ್ಯಾಯ ಇಂದಿಗೂ ಚುಚ್ಚುತ್ತದೆ.

ಅಲ್ಲಿಂದ ಬ್ರಾಡ್‌ವೇ ಬೀದಿಗೆ ಕೆಲವೇ ಹೆಜ್ಜೆ. ಹಾಂಕಿಟಾಂಕ್ ಎಂದು ಕರೆಯುವ ಹಾಡಿನ ಬಾರ್‌ಗಳು ಸಾಲಾಗಿರುವ ಈ ಬೀದಿಯಲ್ಲಿ ಬೆಳಗಿನಿಂದ ನಡುರಾತ್ರಿ ದಾಟುವವರೆಗೆ ತಂಡಗಳು ಪಾಳಿಯ ಮೇಲೆ ನುಡಿಸುತ್ತವೆ. ಹೆಚ್ಚಿನ ಕಡೆ ಪ್ರವೇಶ ಶುಲ್ಕವಿಲ್ಲ, ಆದರೆ ಬಾಗಿಲಲ್ಲಿ ವಯಸ್ಸಿನ ಪುರಾವೆ ಕೇಳುತ್ತಾರೆ. ತಲೆ ನರೆತ ನಮ್ಮವರೂ ಪಾಸ್‌ಪೋರ್ಟ್ ತೋರಿಸಬೇಕಾಯಿತು. ಮೊದಲು ನಾವು ಹೊಕ್ಕಿದ್ದು ಹಲವು ಮಹಡಿಗಳ ಹೊಸ ಬಾರೊಂದಕ್ಕೆ, ಮತ್ತು ಅದು ತಪ್ಪಾಯಿತು. ಪ್ರತಿ ಮಹಡಿಯಲ್ಲೂ ಒಂದೊಂದು ತಂಡವಿದ್ದು, ಒಂದರ ಸದ್ದು ಇನ್ನೊಂದರ ಮೇಲೆ ಬಿದ್ದು, ಎದುರಿಗೆ ಕುಳಿತವರ ಮಾತೂ ಕೇಳಿಸದಂತಾಗಿ, ಮುಕ್ಕಾಲು ಗಂಟೆ ವ್ಯರ್ಥವಾಯಿತು. “ಇದು ಕೇಳುವ ಜಾಗವಲ್ಲ, ಎದ್ದು ಬಾ” ಎಂದು ನಮ್ಮವರು ಹೊರಗೆ ಕರೆದುಕೊಂಡು ಬಂದರು.

ಅನಂತರ ಹೋದದ್ದು ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಎಂಬ ಹಳೆಯ ಬಾರಿಗೆ. ಹಳೆಯ ಕಂಟ್ರಿ ಹಾಡುಗಳಿಗೆ ಹೆಸರಾದ ಅಲ್ಲಿ ವೇದಿಕೆಯ ಬದಿಯಲ್ಲೇ ನಮಗೆ ಜಾಗ ಸಿಕ್ಕಿತು. ನನ್ನ ಕಣ್ಣು ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವನ ಮೇಲೆಯೇ ಇತ್ತು. ಕಾಲುಗಳಿರುವ ಕಿರಿದಾದ ಮೇಜಿನಂತಹ ವಾದ್ಯ, ಅದರ ಮೇಲೆ ಹತ್ತು ತಂತಿ. ಎಡಗೈಯಲ್ಲಿ ಹಿಡಿದ ಉಕ್ಕಿನ ಗುಂಡು ಸರಳು ತಂತಿಗಳ ಮೇಲೆ ಜಾರುತ್ತದೆ, ಬಲಗೈ ಬೆರಳುಗಳಿಗೆ ತೊಡಿಸಿದ ಉಗುರುಗಳು ಮೀಟುತ್ತವೆ, ಪಾದ ಪೆಡಲನ್ನು ಒತ್ತುತ್ತಿದ್ದರೆ ಮೊಣಕಾಲು ವಾದ್ಯದ ಕೆಳಗಿನ ಸನ್ನೆಕೋಲನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಸ್ವರ ಮಿಡಿದು ನಿಂತಿರುವಾಗಲೇ ಅದರ ಜೊತೆಯ ಸ್ವರ ಮೆಲ್ಲನೆ ಮೇಲಕ್ಕೆ ಏರುತ್ತದೆ. ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಆ ಜಾರುವಿಕೆ ಕೂಡಲೇ ಗುರುತು ಸಿಗುತ್ತದೆ.

ಹಾಡುಗಳ ನಡುವೆ ಬಕೆಟ್ ಒಂದು ಮೇಜಿನಿಂದ ಮೇಜಿಗೆ ಬಂತು. ಈ ಬೀದಿಯ ವಾದ್ಯಗಾರರ ಸಂಪಾದನೆಯಲ್ಲಿ ದೊಡ್ಡ ಪಾಲು ಅದರಲ್ಲಿ ಬೀಳುವ ಹಣವೇ. ನಮ್ಮ ಮದುವೆ ಮನೆಗಳಲ್ಲಿ ವಾಲಗಕ್ಕೆ ಕುಣಿದವರು ವಾಲಗದವರ ಕೈಗೆ ನೋಟು ಇಡದೆ ಬರುವುದಿಲ್ಲವಷ್ಟೆ. ಅಲ್ಲಿಯೂ ಹಾಗೆಯೇ ನಡೆದುಕೊಳ್ಳಬೇಕು. ಕಾರ್ಡನ್ನು ನಂಬಿ ಹೋಗದೆ ಒಂದು, ಐದು ಡಾಲರಿನ ನೋಟುಗಳನ್ನು ಚಿಲ್ಲರೆ ಮಾಡಿಸಿಕೊಂಡಿದ್ದರಿಂದ ನಮಗೆ ಮುಜುಗರವಾಗಲಿಲ್ಲ. ಹಾಡು ಕೇಳಿ ಬರಿಗೈಯಲ್ಲಿ ಎದ್ದು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಬಾರ್ಬೆಕ್ಯೂ ಹಂದಿಮಾಂಸ ತಿಂದೆವು. ಹೊಗೆಯ ರುಚಿ ಚೆನ್ನಾಗಿತ್ತು, ಸಾಸಿನ ಸಿಹಿಯ ಬದಲು ನಮ್ಮ ಕಾಚಂಪುಳಿಯ ಹುಳಿ ಇದ್ದಿದ್ದರೆ ಎನಿಸಿತು.

ಏಳು ಗಂಟೆಯ ಸುಮಾರಿಗೆ ಕಂಬರ್ಲೆಂಡ್ ನದಿಯ ಮೇಲಿನ ಪಾದಚಾರಿ ಸೇತುವೆಗೆ ಬಂದೆವು. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟಕ್ಕೆ ಸ್ವಲ್ಪ ಮುಂಚೆ. 1909ರಲ್ಲಿ ಕಟ್ಟಿದ ಈ ಸೇತುವೆಯ ಮೇಲೆ ಈಗ ವಾಹನಗಳಿಲ್ಲ. ಇದಕ್ಕೆ ಜಾನ್ ಸೀಗೆನ್‌ಥಾಲರ್ ಎಂಬ ಪತ್ರಕರ್ತರ ಹೆಸರಿಟ್ಟಿದ್ದಾರೆ. 1954ರಲ್ಲಿ ಇದೇ ಸೇತುವೆಯಿಂದ ನದಿಗೆ ಹಾರಲು ಹೊರಟಿದ್ದ ಒಬ್ಬನನ್ನು ಅವರು ಹಿಡಿದು ಉಳಿಸಿದ್ದರು. ಬೀದಿಯ ಗದ್ದಲ ಅಲ್ಲಿಗೆ ತೆಳುವಾಗಿ ಮಾತ್ರ ತಲುಪುತ್ತದೆ. ಕಟ್ಟಡಗಳ ಗಾಜು ಕೆಂಪಾಗುವುದನ್ನು ನೋಡುತ್ತ, ಹೆಚ್ಚು ಮಾತಿಲ್ಲದೆ ಮುಕ್ಕಾಲು ಗಂಟೆ ನಿಂತೆವು. ರಾತ್ರಿಯ ಕಛೇರಿಗೆ ಮುನ್ನ ಕಿವಿಗೆ ಆ ಬಿಡುವು ಬೇಕೇ ಬೇಕಿತ್ತು.

ಬ್ಲೂಬರ್ಡ್ ಇರುವುದು ಊರ ನಡುವಿನಿಂದ ದೂರ, ಸಾಮಾನ್ಯ ಅಂಗಡಿಗಳ ಸಾಲೊಂದರಲ್ಲಿ. ಟ್ಯಾಕ್ಸಿಯಲ್ಲಿ ಹೋಗಿ ಎಂಟೂವರೆಗೆಲ್ಲ ಕುಳಿತೆವು. ನಾಲ್ವರು ಗೀತರಚನಕಾರರು ಕೋಣೆಯ ನಡುವೆ ಎದುರುಬದುರಾಗಿ ಕುಳಿತು ಸರದಿಯಂತೆ ಹಾಡಿದರು. ಒಬ್ಬರು ಹಾಡುವಾಗ ಉಳಿದವರು ದನಿಗೂಡಿಸುತ್ತಿದ್ದರು. ಬೇರೆಯವರ ಧ್ವನಿಯಲ್ಲಿ ಜನಪ್ರಿಯವಾದ ಹಾಡುಗಳನ್ನು ಬರೆದವರ ಬಾಯಿಂದಲೇ, ಅವು ಹುಟ್ಟಿದ ಸಂದರ್ಭದೊಡನೆ ಕೇಳುವುದು ಅಲ್ಲಿಯ ಪದ್ಧತಿ. ಹಾಡುವಾಗ ಯಾರೂ ಮಾತಾಡುವಂತಿಲ್ಲ. ನನ್ನಿಂದ ಒಂದು ಮಾರು ದೂರದಲ್ಲಿದ್ದ ಹಿರಿಯರು ತಂದೆಯ ಹೊಲ ಮಾರಿದ ದಿನದ ಬಗ್ಗೆ ಹಾಡಿದಾಗ, ಹೆಬ್ಬೆರಳು ತಂತಿಗೆ ತಾಗುವ ಒಣ ಸದ್ದು ಕೂಡ ಕೇಳುತ್ತಿತ್ತು. ನಮ್ಮವರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ನಾಲ್ವರು ಎದುರಾಗಿ ಕುಳಿತು ಹಾಡುವುದನ್ನು ಕಂಡು ನಮ್ಮಿಬ್ಬರಿಗೂ ನೆನಪಾದದ್ದು ಒಂದೇ: ನಾಲ್ಕು ಜನ ದುಡಿ ಬಡಿಯುತ್ತ ಬಾಳೋಪಾಟ್ ಎಂಬ ಜನಪದ ಹಾಡು ಹಾಡುವ, ಕೊಡಗಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ.

ಹನ್ನೊಂದು ಗಂಟೆಗೆ ಹೊರಬಂದಾಗ ಆ ಹಿರಿಯರು ಗಿಟಾರಿನ ಪೆಟ್ಟಿಗೆಯನ್ನು ತಾವೇ ಕಾರಿಗೆ ಇಡುತ್ತಿದ್ದರು. ನಮ್ಮವರು ಹತ್ತಿರ ಹೋಗಿ, ನಮ್ಮ ಊರಲ್ಲೂ ನಾಲ್ವರು ದುಡಿ ನುಡಿಸುತ್ತ ಹೀಗೆಯೇ ಹಾಡುತ್ತಾರೆಂದು ಹೇಳಿದರು. ಆ ವಾದ್ಯಕ್ಕೆ ಎಷ್ಟು ತಂತಿ ಎಂದು ಅವರು ಕೇಳಿದರು. ತಂತಿಯಿಲ್ಲ, ನಡು ಸಣ್ಣಗಿರುವ ಚರ್ಮವಾದ್ಯ ಎಂದು ನಮ್ಮವರು ಎರಡೂ ಕೈಗಳಿಂದ ಅದರ ಆಕಾರ ತೋರಿಸಿ, ಕಾರಿನ ಬಾನೆಟ್ಟಿನ ಮೇಲೆ ಬೆರಳಿನಿಂದ ದುಡಿಯ ಪೆಟ್ಟು ಹಾಕಿದರು. ಅವರು ಪೆಟ್ಟಿಗೆಯನ್ನು ಕೆಳಗಿಟ್ಟು, ಕಿವಿಗೊಟ್ಟು ನಿಂತರು.