ಮದುವೆ ಹೂವು: ಅಕ್ಕಿಕಾಳಿನಿಂದ ಹಿಂದಕ್ಕೆ ಎಣಿಸಿ

ಹೋದ ಬೇಸಿಗೆಯಲ್ಲಿ ಒಂದು ದಿನ, ಬೆಳಗಿನ ಆರೂವರೆ. ಅಂಗಡಿಯ ಷಟರ್ ಇನ್ನೂ ಅರ್ಧವೇ ಎತ್ತಿದ್ದೆ. ಕೊಪ್ಪಳ ಕಡೆಯಿಂದ ಬಳ್ಳಾರಿಗೆ ಮದುವೆಗೆ ಬಂದವರೊಬ್ಬರು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಹುಡುಗಿಯ ಸೋದರಮಾವ. ಮುಚ್ಚಳ ತೆಗೆದರೆ ಒಳಗೆ 8 ಮಾರು ಮಲ್ಲಿಗೆ. ಬೇಯಿಸಿದ ಉಳ್ಳಾಗಡ್ಡಿಯ ಹಾಗೆ ಬಿಳುಪೆಲ್ಲ ಹೋಗಿ, ಒದ್ದೆಯಾಗಿ ಬೆರಳಿಗೆ ಅಂಟುತ್ತಿತ್ತು.

“ಅಕ್ಕಾರ, ರಾತ್ರಿಯೆಲ್ಲಾ ಫ್ರಿಜ್‌ನ್ಯಾಗ ಇಟ್ಟಿದ್ವಿ. ಆದ್ರೂ ಹಿಂಗಾಗೇತಿ ನೋಡ್ರಿ.”

“ಫ್ರಿಜ್‌ನ್ಯಾಗ ಎಲ್ಲಿ ಇಟ್ಟಿದ್ರಿ?”

“ಮ್ಯಾಲಿನ ಖಾನೆದಾಗ. ಐಸ್ ಆಗ್ತದಲ್ಲ, ಅಲ್ಲಿ. ಥಂಡಿ ಜಾಸ್ತಿ ಇದ್ರ ಚಲೋ ಅಲ್ಲೇನ್ರಿ?”

9 ಗಂಟೆಗೆ ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ. ಗುಡಿಗೆ ಕೊಡಲೆಂದು ಇಟ್ಟಿದ್ದ ಅಬ್ಬಲಿಗೆಗೆ ಮರುಗ ಸೇರಿಸಿ ಹೇಗೋ ಹೊಂದಿಸಿ ಕಳಿಸಿದೆ. ಪಾಪ, ಆ ಮನೆಯವರು ಹೂವಿಗೆ ದುಡ್ಡು ಹಿಡಿದವರಲ್ಲ. ತಂದಿದ್ದೂ ಒಳ್ಳೆಯ ಹೂವೇ. ಎಡವಟ್ಟಾಗಿದ್ದು ರಾತ್ರಿ. ಅಂಗಡಿಯಿಂದ ಹೋದ ಹೂವು ಮಂಟಪ ಸೇರಿ ಮುಡಿಗೇರುವ ತನಕದ ಹತ್ತು ಹನ್ನೆರಡು ಗಂಟೆ ಇದೆಯಲ್ಲ, ಅದರಲ್ಲೇ ಹೆಚ್ಚು ಹೂವು ಹಾಳಾಗುವುದು. ಹಾಗಾಗಿ ಇಲ್ಲಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಉಳಿದದ್ದು ನೀವೇ ಮಾಡಿಕೊಳ್ಳುವಂಥದ್ದು.

1. ತಾರೀಖಿನ ಜೊತೆ ಗಂಟೆಯನ್ನೂ ಬರೆದುಕೊಳ್ಳಿ

ಅರಿಶಿಣ ಎಷ್ಟಕ್ಕೆ, ದೇವರ ಕಾರ್ಯ ಎಷ್ಟಕ್ಕೆ, ರಿಸೆಪ್ಷನ್ ಹಿಂದಿನ ಸಂಜೆಯೋ ಮದುವೆ ಸಂಜೆಯೋ, ಅಕ್ಕಿಕಾಳು ಎಷ್ಟು ಗಂಟೆಗೆ. ಒಂದು ಚೀಟಿ ಸಾಕು. ಹೂವಿನ ಲೆಕ್ಕವೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸುವುದು.

2. ಯಾವ ಕಾಲಕ್ಕೆ ಯಾವ ಹೂವು

ಬೇಸಿಗೆ ಮದುವೆಗೆ ಮಲ್ಲಿಗೆ, ಚಳಿಗಾಲದ ಮದುವೆಗೆ ಶಾವಂತಿಗೆ. ಇದು ಸುಲಭ. ಚಳಿಯಲ್ಲಿ ಮಲ್ಲಿಗೆಯೇ ಬೇಕೆಂದು ಹಟ ಹಿಡಿದರೆ ಕೊಡುತ್ತೇವೆ, ಆದರೆ ರೇಟು ಕೇಳಿ ನಮ್ಮ ಮೇಲೆ ಸಿಟ್ಟಾಗಬೇಡಿ. ಆಗ ಕಾಕಡ ತೆಗೆದುಕೊಳ್ಳಿ. ಘಮ ಕಡಿಮೆ, ಬಿಳುಪಿಗೆ ಏನೂ ಕೊರತೆಯಿಲ್ಲ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ ಬರುತ್ತವೆ. ಅವತ್ತು ಊರೂರಿಗೆ ಮದುವೆ. ಆ ದಿನಕ್ಕೆ ಹದಿನೈದು ದಿನ ಮೊದಲೇ ಮಾತಾಡಿಡಿ.

ನಮ್ಮ ಕಡೆಯವರಿಗೆ ಹೂವಿನ ಹಡಗಲಿ ಹತ್ತಿರ. ಆ ತಾಲ್ಲೂಕು 2021ರಲ್ಲಿ ನಮ್ಮ ಜಿಲ್ಲೆಯಿಂದ ವಿಜಯನಗರ ಜಿಲ್ಲೆಗೆ ಹೋಯಿತು, ಹೂವು ಮಾತ್ರ ಬಳ್ಳಾರಿಗೆ ಬರುವುದು ಬಿಟ್ಟಿಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿಯವರು ಗುಲಾಬಿ ಇಲ್ಲದೆ ಬದುಕಲಾರರು, ಅವರಿಗೆ ಅದು ಊಟದಷ್ಟೇ ಮುಖ್ಯ ಎಂದು ಬರೆದಿಟ್ಟಿದ್ದಾನೆ. ಅವನು ಗುಲಾಬಿ ಅಂದ. ನನ್ನನ್ನು ಕೇಳಿದ್ದರೆ ಮಲ್ಲಿಗೆ ಅನ್ನುತ್ತಿದ್ದೆ.

ಫೋನಿನಲ್ಲಿ ಫೋಟೋ ತೋರಿಸುವವರಿಗೆ ಒಂದು ಮಾತು. ಆ ಫೋಟೋದಲ್ಲಿರುವ ದಪ್ಪ ದಪ್ಪ ತಿಳಿ ಬಣ್ಣದ ಹೂವುಗಳು ತಂಪು ದೇಶದವು. ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ದುಡ್ಡು ಕೊಟ್ಟು ತರಿಸಿದರೂ ಮೊದಲ ಪಂಕ್ತಿ ಏಳುವುದರೊಳಗೆ ತಲೆ ಬಾಗಿಸುತ್ತವೆ. ಫೋಟೋದಿಂದ ಬಣ್ಣ ತೆಗೆದುಕೊಳ್ಳಿ, ಹೂವನ್ನು ನಮ್ಮ ಮಾರ್ಕೆಟ್ಟಿನಿಂದ ತೆಗೆದುಕೊಳ್ಳಿ. ಎರಡೇ ಬಣ್ಣ, ಒಂದೇ ಘಮ. ಮಲ್ಲಿಗೆ, ಸುಗಂಧರಾಜ ಎರಡನ್ನೂ ಒಂದೇ ಕಡೆ ಸುರಿದರೆ ಪುರೋಹಿತರಿಗೂ ತಲೆನೋವು ಬರುತ್ತದೆ.

3. ಮೊಳದ ಲೆಕ್ಕ

ನಾಲ್ಕು ಮೊಳಕ್ಕೆ ಒಂದು ಮಾರು. ಆದರೆ ಯಾರ ಮೊಳ? ಮೊಳ ಹಾಕುವಾಗ ಮೊಣಕೈ ಮಡಚಿಕೊಳ್ಳುವವರು ಪ್ರತಿ ಮಾರ್ಕೆಟ್ಟಿನಲ್ಲೂ ಇದ್ದಾರೆ. ಅದಕ್ಕೆ ಬಿಡಿ ಹೂವನ್ನು ತೂಕದಲ್ಲಿ, ಕಟ್ಟಿದ ಹೂವನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳಿ. ಹೂವಿನ ನಡುವೆ ದಾರ ಕಾಣುತ್ತಿದ್ದರೆ ಅದು ಮಾರು ಇದ್ದರೂ ಮಾರಲ್ಲ.

ಮೊಗ್ಗಿನ ಜಡೆಗೆ (ಬಳ್ಳಾರಿಯ ತೆಲುಗು ಮನೆಯವರು ಪೂಲ ಜಡ ಅನ್ನುತ್ತಾರೆ) ಸೊಂಟದ ತನಕ ಇಳಿಯಬೇಕಾದರೆ ಅರ್ಧ ಕೆಜಿಗೆ ಕಡಿಮೆ ಮೊಗ್ಗು ತರಬೇಡಿ. ಆರಿಸುವಾಗಲೇ ಒಂದು ಪಾಲು ಹೋಗುತ್ತದೆ.

4. ಹಿಂದಿನ ರಾತ್ರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮಲ್ಲಿಗೆ ಮೊಗ್ಗನ್ನು ನಸುಕಿನಲ್ಲಿ ಬಿಡಿಸುತ್ತಾರೆ. ಅದು ಅವತ್ತೇ ಸಂಜೆ ಅರಳುತ್ತದೆ. ಗಿಡದಲ್ಲಿದ್ದರೂ ಅಷ್ಟೇ, ನಿಮ್ಮ ಬುಟ್ಟಿಯಲ್ಲಿದ್ದರೂ ಅಷ್ಟೇ. ಸಂಜೆಯ ರಿಸೆಪ್ಷನ್‌ಗೆ ಇದು ಅನುಕೂಲ. ಮಧ್ಯಾಹ್ನ ಕಟ್ಟಿಸಿಕೊಂಡರೆ ಫೋಟೋ ಹೊತ್ತಿಗೆ ಸರಿಯಾಗಿ ಬಾಯಿ ಬಿಡುತ್ತದೆ. ಕಷ್ಟ ಇರುವುದು ಬೆಳಗಿನ ಅಕ್ಕಿಕಾಳಿಗೆ. ಹಿಂದಿನ ದಿನದ ಮೊಗ್ಗನ್ನು ಸುಮ್ನೆ ಇಟ್ಟರೆ ರಾತ್ರಿಯೇ ಅರಳಿ, ಬೆಳಗ್ಗೆ ಕಂದು ಅಂಚು ತೋರಿಸುತ್ತದೆ. ಅವತ್ತಿನ ಮೊಗ್ಗೇ ಬೇಕೆಂದು ಕಾದರೆ ಜಡೆ ಹೊಲಿಯಲು ಹೊತ್ತಿಲ್ಲ. ಹಾಗಾಗಿ ಹಿಂದಿನ ದಿನದ ಮೊಗ್ಗು ತಂದು ಅದನ್ನು ನಿದ್ದೆ ಮಾಡಿಸಬೇಕು. ಮಾಡಿಸುವುದು ಹೀಗೆ.

ಬುಟ್ಟಿ ಮನೆಗೆ ಬಂದ ತಕ್ಷಣ ಬಿಚ್ಚಿ. ರಾಶಿಯ ನಡುವೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಬಿಗಿದು ತುಂಬಿದ ಹೂವು ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ. ನೆರಳಿನಲ್ಲಿ ಒದ್ದೆ ಬಟ್ಟೆ ಹಾಸಿ ತೆಳ್ಳಗೆ ಹರಡಿ, ಕಾಲು ಗಂಟೆ ಬಿಡಿ. ಫ್ಯಾನ್ ಹಾಕಬೇಡಿ. ಫ್ಯಾನ್ ಗಾಳಿ ಮೊಗ್ಗಿನ ನೀರನ್ನೇ ಎಳೆದುಬಿಡುತ್ತದೆ.

ಆಮೇಲೆ ಆರಿಸಿ. ಹಸಿರು ಛಾಯೆಯ ಎಳೆ ಮೊಗ್ಗು ಅರಳುವುದೇ ಇಲ್ಲ, ತೆಗೆಯಿರಿ. ತುದಿ ಸಡಿಲವಾದದ್ದು ಇನ್ನೆರಡು ಗಂಟೆಯಲ್ಲಿ ಅರಳುತ್ತದೆ, ಅದನ್ನು ದೇವರಿಗೆ ಕೊಡಿ. ಬಿಳಿಯಾಗಿ, ತುಂಬಿಕೊಂಡು, ತುದಿ ಬಿಗಿಯಾಗಿರುವುದು ಜಡೆಗೆ ಮತ್ತು ಮುಡಿಗೆ.

ಈಗ ಎಲ್ಲರೂ ಮಾಡುವ ತಪ್ಪು: ನೀರು ಚಿಮುಕಿಸುವುದು. ಅಂಗಡಿಯಲ್ಲಿ ನಾವೂ ಚಿಮುಕಿಸುತ್ತೇವಲ್ಲ ಅಂತೀರಿ. ನಾವು ಮಾರುವುದು ಗಂಟೆಯೊಳಗೆ, ನೀವು ಇಡುವುದು ರಾತ್ರಿಯಿಡೀ. ಎಸಳಿನ ಸಂದಿಯಲ್ಲಿ ನಿಂತ ಹನಿ ಬೆಳಗಾಗುವುದರೊಳಗೆ ಕಂದು ಚುಕ್ಕೆಯಾಗುತ್ತದೆ. ನೀರು ಬಟ್ಟೆಗೆ, ಹೂವಿಗಲ್ಲ. ಹಳೆಯ ಪಂಚೆಯ ತುಂಡೊಂದನ್ನು ನೆನೆಸಿ, ಮತ್ತೆ ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಗಟ್ಟಿಯಾಗಿ ಹಿಂಡಿ. ಕಟ್ಟಿದ ಹೂವನ್ನು ಅದರಲ್ಲಿ ಸಡಿಲವಾಗಿ ಸುತ್ತಿ. ಮೇಲೆ ಬಾಳೆ ಎಲೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಗಂಟು ಹಾಕಬೇಡಿ. ಒಳಗೆ ಬೆವರಿ ಕೊಳೆಯುತ್ತದೆ.

ಇಡುವ ಜಾಗ: ಫ್ರಿಜ್‌ನ ಕೆಳಗಿನ ತರಕಾರಿ ಖಾನೆ. ಫ್ರೀಜರ್ ಬೇಡವೇ ಬೇಡ, ಸೋದರಮಾವನ ಡಬ್ಬಿ ನೆನಪಿಟ್ಟುಕೊಳ್ಳಿ. ಮೊಗ್ಗಿನೊಳಗಿನ ನೀರು ಗಡ್ಡೆ ಕಟ್ಟಿದರೆ ಎಸಳು ಒಳಗೇ ಒಡೆಯುತ್ತದೆ, ಕರಗಿದಾಗ ಬೇಯಿಸಿದ ಹಾಗಾಗುತ್ತದೆ. ಮಂಟಪದಲ್ಲಿ ಫ್ರಿಜ್ ಇಲ್ಲದಿದ್ದರೆ ಥರ್ಮಾಕೋಲ್ ಡಬ್ಬಿಯಲ್ಲಿ ಕೆಳಗೆ ಐಸ್, ಅದರ ಮೇಲೆ ನಾಲ್ಕು ಪದರ ಪೇಪರ್, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಹೂವು. ಐಸಿಗೆ ಹೂವು ತಾಗಬಾರದು. ಎಸಿ ರೂಮಿನಲ್ಲಿ ಬಿಚ್ಚಿಟ್ಟರೆ ಸಾಕು ಅನ್ನುವವರಿದ್ದಾರೆ. ಎಸಿ ಗಾಳಿ ಒಣಗಾಳಿ. ಮುಚ್ಚಿಯೇ ಇಡಿ.

ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ. ಮಂಟಪದ ಉಗ್ರಾಣದಲ್ಲಿ ಹೂವಿನ ಬುಟ್ಟಿ ಇಡುವುದು ಎಲ್ಲಿ? ಬಾಳೆಗೊನೆಯ ಪಕ್ಕ. ಮಾಗಿದ ಬಾಳೆ, ಮಾವಿನ ಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಹೊರಡುತ್ತದೆ. ಕಾಯಿ ಹಣ್ಣಾಗುವುದು ಅದರಿಂದಲೇ, ಹೂವು ಬೇಗ ಮುದಿಯಾಗುವುದೂ ಅದರಿಂದಲೇ. ಕಾರ್ನೇಷನ್ ಹೂವಂತೂ ಅದನ್ನು ತಡೆಯುವುದೇ ಇಲ್ಲ. ಹೂವು ಒಂದು ಕೋಣೆ, ಹಣ್ಣು ಇನ್ನೊಂದು ಕೋಣೆ. ಫ್ರಿಜ್‌ನಲ್ಲಿಯೂ ಹಾಗೇ.

ಹೊರಗೆ ತೆಗೆಯುವುದು ಮುಡಿಯುವ ಅರ್ಧ ಗಂಟೆ ಮೊದಲು. ಆಗ ಮೊಗ್ಗು ಮೆಲ್ಲಗೆ ಕಣ್ಣು ಬಿಡಲು ಶುರು ಮಾಡುತ್ತದೆ. ತಾಳಿ ಕಟ್ಟುವ ಹೊತ್ತಿಗೆ ಘಮ ಬರುತ್ತದೆ.

5. ಹಾರ

ಹಾರದಲ್ಲಿ ಕೆಡುವುದು ಅಳತೆ. ದಾರದ ಉದ್ದ ಒಂದು ಮಾರಿಗೆ ಒಂದು ಗೇಣು ಕಡಿಮೆ ಇರಲಿ, ಆಗ ಸೊಂಟಕ್ಕೆ ಬಂದು ನಿಲ್ಲುತ್ತದೆ. ಮೊಣಕಾಲ ತನಕ ಹಾರ ಹಾಕಿಸಿಕೊಂಡು ಹೋಮದ ಮುಂದೆ ಕುಳಿತವರನ್ನು ನೋಡಿದ್ದೇನೆ, ಹೂವೆಲ್ಲ ತೊಡೆ ಮೇಲೆ ಗುಡ್ಡೆ. ತೂಕ ಒಂದೂವರೆ ಕೆಜಿ ದಾಟಬಾರದು. ಶಾವಂತಿಗೆಗೆ ನೀರು ಹೊಡೆದರೆ ತೂಕ ಇನ್ನೂ ಏರುತ್ತದೆ, ಅದಕ್ಕೆ ಶಾವಂತಿಗೆ ಹಾರ ಒಣಗಿಯೇ ಇರಲಿ. ಸುಗಂಧರಾಜ ತಂದರೆ ಸಿಂಗಲ್ ತನ್ನಿ. ಡಬಲ್ ಹೂದಾನಿಗೆ ಚೆಂದ, ಹಾರಕ್ಕೆ ಸಿಂಗಲ್ಲೇ.

ನಮ್ಮ ಕಡೆ ಬಾಸಿಂಗ ಇದೆ. ಹೊರಗಿನಿಂದ ಬಂದ ಡೆಕೋರೇಷನ್‌ನವರಿಗೆ ಇದು ಗೊತ್ತಾಗುವುದಿಲ್ಲ. ಬಾಸಿಂಗ ಕಟ್ಟಿದ ಹಣೆ, ಅದರ ಮೇಲೆ ರುಮಾಲು. ಆ ತಲೆಯನ್ನು ದಾಟಿ ಹಾರ ಇಳಿಯಬೇಕು. ಕುಚ್ಚು ಕಟ್ಟುವ ಗಂಟು ಮೇಲಕ್ಕೆ ಬಂದರೆ ಹಾರದ ಬಾಯಿ ಕಿರಿದಾಗಿ ಬಾಸಿಂಗಕ್ಕೆ ಸಿಕ್ಕಿಕೊಳ್ಳುತ್ತದೆ. ಬಾಸಿಂಗ ಮೊದಲೋ ಹಾರ ಮೊದಲೋ, ಮನೆಯ ಹಿರಿಯರನ್ನು ಕೇಳಿ, ಆಮೇಲೆ ಗಂಟು ಹಾಕಿ.

ಪೋಣಿಸುವಾಗ ಸೂಜಿ ತೊಟ್ಟಿನ ಬುಡದಲ್ಲಿ ಹೋಗಬೇಕು. ಎಸಳಿನ ನಡುವೆ ಚುಚ್ಚಿದರೆ ಉದುರುತ್ತದೆ. ದಾರ ಎರಡೆಳೆಯ ನೂಲು. ಗೇಣಿಗೊಂದು ಗಂಟು ಹಾಕಿ. ಎಲ್ಲೋ ಒಂದು ಕಡೆ ಹರಿದರೆ ಅಷ್ಟೇ ಉದುರುತ್ತದೆ, ಇಡೀ ಹಾರ ಹಸೆಮಣೆಯ ಮೇಲೆ ಚೆಲ್ಲುವುದಿಲ್ಲ. ಕತ್ತಿನ ಹಿಂದೆ ಬರುವ ಒಂದು ಗೇಣಿಗೆ ಹೂವು ಬೇಡ, ಮೆತ್ತನೆ ಬಟ್ಟೆ ಸುತ್ತಿ. ತಂತಿಯನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಬೋರಮಾಳಕ್ಕೂ ಸೀರೆಯ ಸೆರಗಿಗೂ ಅದು ಕೊಂಡಿಯ ಹಾಗೆ ಸಿಗುತ್ತದೆ.

ಮುಸ್ಲಿಂ ಮದುವೆಯ ಸೆಹರಾ ಕಟ್ಟುವಾಗಲೂ ಇದೇ ನೂಲು, ಇದೇ ಗಂಟು. ಎಳೆಗಳು ಮುಖದ ಮುಂದೆ ಇಳಿಯುವುದರಿಂದ ಪ್ರತಿ ಎಳೆಯ ತುದಿಗೆ ಒಂದು ಬಟನ್ ಗುಲಾಬಿ ಹಾಕುತ್ತೇನೆ. ಆ ಭಾರಕ್ಕೆ ಎಳೆ ನೇರ ನಿಲ್ಲುತ್ತದೆ.

ಬಣ್ಣ ಹಾಕಿದ ಹೂವಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನೀಲಿ ಸುಗಂಧರಾಜ, ನೀಲಿ ಶಾವಂತಿಗೆ ಎಲ್ಲ ಬಕೆಟ್ಟಿನಲ್ಲಿ ಅದ್ದಿ ತೆಗೆದದ್ದು. ಅಂಗಡಿ ಇಟ್ಟ ಹೊಸತರಲ್ಲಿ ನಾನೂ ಒಬ್ಬ ವ್ಯಾಪಾರಿಯ ಮಾತು ನಂಬಿ ನೀಲಿ ಹಾರ ಕಟ್ಟಿಕೊಟ್ಟಿದ್ದೆ. ಹುಡುಗಿ ಬೆವರಿದಳು, ಹಾರ ಬಣ್ಣ ಬಿಟ್ಟಿತು, ಕೆನೆ ಬಣ್ಣದ ರೇಷ್ಮೆ ಸೀರೆಯ ಮೇಲೆ ಅಂಗೈ ಅಗಲದ ನೀಲಿ ಕಲೆ. ಡ್ರೈ ಕ್ಲೀನಿಂಗ್‌ಗೆ ಕೊಟ್ಟರೂ ಹೋಗಲಿಲ್ಲ. ಹಾರದ ದುಡ್ಡು ವಾಪಸ್ ಕೊಟ್ಟೆ, ಸೀರೆ ವಾಪಸ್ ಕೊಡಲಾಗಲಿಲ್ಲ. ಸೆಂಟ್ ಹೊಡೆದ ಮಲ್ಲಿಗೆಯೂ ಬೇಡ. ಹಳೆಯ ಹೂವಿಗೆ ಮಾತ್ರ ಸೆಂಟ್ ಬೇಕಾಗುತ್ತದೆ.

6. ಹಂದರ ಮತ್ತು ವೇದಿಕೆ

ಹಾಲಗಂಬಕ್ಕೆ, ಬಾಗಿಲಿಗೆ ಮಾವಿನ ಎಲೆ, ಚೆಂಡು ಹೂವು. ಕಟ್ಟಿ ಮರೆತುಬಿಡಿ. ಚೆಂಡು ಹೂವಿಗೆ ನೀರು ಹಾಕಬೇಡಿ, ಒಳಗಿನಿಂದ ಕೊಳೆಯುತ್ತದೆ.

ವೇದಿಕೆಯ ಹೂದಾನಿಗೆ ಹಸಿರು ಫೋಮ್ ಇಟ್ಟಿಗೆ ಬಳಸುವುದಾದರೆ ನೀರಿನ ಮೇಲೆ ತೇಲಲು ಬಿಡಿ. ತಾನಾಗಿ ಮುಳುಗಬೇಕು. ಅವಸರಕ್ಕೆ ಕೈಯಿಂದ ಒತ್ತಿದರೆ ಹೊರಗೆ ಒದ್ದೆ, ಒಳಗೆ ಒಣ. ಚುಚ್ಚಿದ ಗುಲಾಬಿ ಒಂದು ಗಂಟೆಗೆ ತಲೆ ಬಾಗಿಸುತ್ತದೆ, ಬೈಗುಳ ಹೂವಿನವರಿಗೆ. ಒಮ್ಮೆ ಒಣಗಿದ ಇಟ್ಟಿಗೆ ಮತ್ತೆ ಸರಿಯಾಗಿ ನೀರು ಕುಡಿಯುವುದಿಲ್ಲ, ಹಳೆಯದು ಕೊಡಲು ಬಂದರೆ ಬೇಡ ಅನ್ನಿ. ಮಣ್ಣಿನಲ್ಲಿ ಕರಗುವುದೂ ಇಲ್ಲ.

ನಾನು ಬಾಳೆ ದಿಂಡು ಬಳಸುತ್ತೇನೆ. ಕಂಪ್ಲಿ, ಆನೆಗೊಂದಿ ಕಡೆ ಬಾಳೆ ತೋಟಕ್ಕೆ ಬರವೇ? ಗೇಣುದ್ದ ಕತ್ತರಿಸಿ, ತಟ್ಟೆಯಲ್ಲಿ ನಿಲ್ಲಿಸಿ, ದಬ್ಬಳದಿಂದ ತೂತು ಮಾಡಿ ದಂಟು ಚುಚ್ಚಿ. ದಂಟನ್ನು ಓರೆಯಾಗಿ ಕತ್ತರಿಸಿರಬೇಕು. ದಿಂಡಿನಲ್ಲೇ ನೀರಿರುತ್ತದೆ, ಮದುವೆ ಮುಗಿದ ಮೇಲೆ ದನ ತಿನ್ನುತ್ತದೆ. ಅದೇ ಬಾಳೆಯ ನಾರನ್ನು ಆನೆಗೊಂದಿಯಲ್ಲಿ ಚೀಲ, ಬುಟ್ಟಿ ಹೆಣೆಯಲು ಬಳಸುತ್ತಾರೆ. ನೆನೆಸಿದ ನಾರಿನಲ್ಲಿ ಕಟ್ಟಿದ ಮಲ್ಲಿಗೆ ನೂಲಿನಲ್ಲಿ ಕಟ್ಟಿದ್ದಕ್ಕಿಂತ ತಂಪಾಗಿರುತ್ತದೆ. ನಮ್ಮವ್ವ ನೂಲು ಮುಟ್ಟುತ್ತಿರಲಿಲ್ಲ.

7. ಬುಟ್ಟಿಗೆ ಚೀಟಿ

ಜಡೆ, ಹಾರ, ಮುಡಿ ಹೂವು, ದೇವರ ಹೂವು ಎಲ್ಲಕ್ಕೂ ಬೇರೆ ಬೇರೆ ಬುಟ್ಟಿ, ಮೇಲೊಂದು ಚೀಟಿ, ಯಾರ ಕೈಗೆ ಕೊಡಬೇಕೆಂದು ಒಂದು ಹೆಸರು. ಆ ಹೆಸರು ಹುಡುಗಿಯ ಅವ್ವನದಾಗಿರಬಾರದು. ಅವತ್ತು ಅವರ ಕೈಗೆ ಕೊಟ್ಟದ್ದು ಯಾವುದೂ ಮತ್ತೆ ಸಿಗುವುದಿಲ್ಲ. ಚಿಕ್ಕಮ್ಮನೋ ಓಣಿಯ ಗೆಳತಿಯೋ ಇದ್ದರೆ ಒಳ್ಳೆಯದು.

ಲೆಕ್ಕಕ್ಕಿಂತ ಎರಡು ಮಾರು ಹೆಚ್ಚು ಕಟ್ಟಿಸಿ, ಒದ್ದೆ ಬಟ್ಟೆಯಲ್ಲಿ ಬಚ್ಚಿಡಿ. ಅಕ್ಕಿಕಾಳಿಗೆ ಹತ್ತು ನಿಮಿಷ ಇರುವಾಗ ಬೀಗರ ಕಡೆಯ ಅಜ್ಜಿಯೊಬ್ಬರು ಬಸ್ಸಿಳಿದು ಬಂದು, “ನನಗ ಹೂವು ಎಲ್ಲೈತವ್ವಾ?” ಅಂತ ಕೇಳಿಯೇ ಕೇಳುತ್ತಾರೆ.