ಚಿಕ್ಕಪೇಟೆಯ ಬಟ್ಟೆಯಲ್ಲಿ ಕೌದಿ ಹೊಲಿಯುವುದು

ಚಿಕ್ಕಪೇಟೆ ಮೆಟ್ರೊ ಇಳಿದು ಬಟ್ಟೆ ಕೊಳ್ಳುವಾಗ ಅಪ್ಪಟ ಹತ್ತಿಯನ್ನೇ ಕೇಳಿ. ಅನುಮಾನವಿದ್ದರೆ ಮನೆಯಲ್ಲಿ ಒಂದೆಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿಯೇ ಕತ್ತರಿಸಿ. ಇಲ್ಲದಿದ್ದರೆ ಆಮೇಲೆ ಕುಗ್ಗಿ ಇಡೀ ಕೌದಿ ಸುಕ್ಕಾಗುತ್ತದೆ.

60x90 ಇಂಚಿನ ಕೌದಿಗೆ 5.5 ಇಂಚಿನ 216 ಚೌಕ ಬೇಕು: ಅಡ್ಡಕ್ಕೆ 12, ಉದ್ದಕ್ಕೆ 18. ಹೊಲಿಗೆಗೆ ಬಿಡುವ ಅಂಚು ಪ್ರತಿ ಬದಿಗೆ ಕಾಲು ಇಂಚು, ಅಷ್ಟೇ; ಹೊಲಿದ ಮೇಲೆ ಚೌಕ 5 ಇಂಚು ಉಳಿಯುತ್ತದೆ. ಇದರಲ್ಲಿ ಮಾತ್ರ ರಾಜಿ ಬೇಡ. ಪ್ರತಿ ಅಂಚಿಗೆ ಅರೆಕಾಲು ಇಂಚು ಹೆಚ್ಚು ಹಿಡಿದರೂ ಅಡ್ಡಸಾಲು ಎರಡೂವರೆ ಇಂಚಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಒಂದೊಂದು ಸಾಲು ಒಂದೊಂದು ಥರ ಆದರೆ ಮೂಲೆಗಳು ಕೂಡುವುದೇ ಇಲ್ಲ.

ಕೆಳಗೆ ಅಸ್ತರು, ನಡುವೆ ಮೆತ್ತನೆಯ ಹಳೆ ಹತ್ತಿಸೀರೆ, ಮೇಲೆ ಚೌಕಗಳು. ನಡುವಿನಿಂದ ಅಂಚಿನತ್ತ ಕಚ್ಚಾ ಹೊಲಿಗೆ ಹಾಕುತ್ತ ಹೋಗಿ. ಅಂಚಿನಿಂದ ಶುರು ಮಾಡಿದರೆ ನಡುವೆ ಬಟ್ಟೆ ಉಬ್ಬುತ್ತದೆ.